ಜೇನು ಸಾಕಣೆಯ ಅಪಾಯಕಾರಿ ರಾಸಾಯನಿಕಗಳು: ಸುರಕ್ಷಿತ ದಾಸ್ತಾನು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)

1. ಪಾಠದ ಉದ್ದೇಶ

ತೋಟಗಾರಿಕೆ ಇಲಾಖೆಯ ಸಹಾಯಧನ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಜೇನು ಅಭಿಯಾನ, 2020-21ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ರಾಷ್ಟ್ರೀಯ ಜೇನುಕೃಷಿ ಮತ್ತು ಜೇನು ಮಿಷನ್ ಮುಂತಾದವುಗಳ ಮೂಲಕ ಗ್ರಾಮಗಳಿಗೆ ಜೇನುಪೆಟ್ಟಿಗೆಗಳು ಬರುತ್ತಿವೆ. ರೈತರು ಮತ್ತು ಸ್ವ-ಸಹಾಯ ಸಂಘಗಳ ಮಹಿಳೆಯರು ಇದನ್ನು ಉಪಕಸುಬಾಗಿ ಕೈಗೊಳ್ಳುತ್ತಿದ್ದಾರೆ. ಪೆಟ್ಟಿಗೆಯ ಹಿಂದೆಯೇ ನುಸಿ ಮತ್ತು ಮೇಣದ ಪತಂಗದ ನಿಯಂತ್ರಣಕ್ಕಾಗಿ ಕೆಲವು ಬಾಟಲಿಗಳು, ಪುಡಿಗಳು, ಹರಳುಗಳು ಸಹ ಊರಿಗೆ ಬರುತ್ತವೆ. ಪೆಟ್ಟಿಗೆ ವಿತರಣೆಗೆ ಫಲಾನುಭವಿಗಳ ಪಟ್ಟಿ, ಸಹಿ, ಛಾಯಾಚಿತ್ರ ಎಲ್ಲವೂ ಇರುತ್ತವೆ. ಬಾಟಲಿಯನ್ನು ಎಲ್ಲಿ ಇಡಲಾಗಿದೆ, ಅದರ ಬೀಗದ ಕೈ ಯಾರ ಬಳಿ ಇದೆ ಎಂಬುದಕ್ಕೆ ಮಾತ್ರ ದಾಖಲೆ ಇರುವುದು ಅಪರೂಪ.

ಜೇನು ಸಾಕಣೆಯ ರಾಸಾಯನಿಕಗಳು ಪ್ರಮಾಣದಲ್ಲಿ ಅಲ್ಪ. ಆದ್ದರಿಂದಲೇ ಅವು ಪ್ರತ್ಯೇಕ ಗೋದಾಮಿಗೆ ಹೋಗದೆ ಅಡುಗೆಮನೆಯ ಅಟ್ಟ, ಹಗೇವು, ಕೊಟ್ಟಿಗೆ ಅಥವಾ ಪಂಚಾಯಿತಿಯ ದಾಸ್ತಾನು ಕೊಠಡಿಯ ಮೂಲೆಯನ್ನು ಸೇರುತ್ತವೆ. ಅಪಾಯವು ಪ್ರಮಾಣಕ್ಕಿಂತ ಹೆಚ್ಚಾಗಿ ಎರಡು ಸಂಗತಿಗಳನ್ನು ಅವಲಂಬಿಸಿದೆ: ವಸ್ತುವು ಯಾವ ಪಾತ್ರೆಯಲ್ಲಿದೆ ಮತ್ತು ಅದರ ಪಕ್ಕದಲ್ಲಿ ಏನಿದೆ. ಇವೆರಡನ್ನೂ ಸರಿಪಡಿಸಲು ದೊಡ್ಡ ಅನುದಾನ ಬೇಕಿಲ್ಲ. ಗ್ರಾಮ ಪಂಚಾಯಿತಿಯ ಒಂದು ನಿರ್ಣಯ, ಒಂದು ಬೀಗ ಮತ್ತು ಒಂದು ದಾಸ್ತಾನು ವಹಿ ಸಾಕಾಗುತ್ತದೆ. ಸದಸ್ಯರು ತಮ್ಮ ವಾರ್ಡಿನಲ್ಲಿ ಏನನ್ನು ನೋಡಬೇಕು, ಸಭೆಯಲ್ಲಿ ಏನನ್ನು ತೀರ್ಮಾನಿಸಬೇಕು ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶವಾಗಿದೆ.

2. ಮೊದಲ ಪ್ರಶ್ನೆ: ದಾಸ್ತಾನು ಅಗತ್ಯವೇ?

ಕರ್ನಾಟಕದಲ್ಲಿ ಪೆಟ್ಟಿಗೆಯಲ್ಲಿ ಸಾಕುವ ಜೇನುಗಳಲ್ಲಿ ಮುಖ್ಯವಾದವು ಎರಡು. ಮಲೆನಾಡು, ಕೊಡಗು ಮತ್ತು ಕರಾವಳಿಯಲ್ಲಿ ಹೆಚ್ಚಾಗಿರುವುದು ನಾಡಿನದೇ ಆದ ತುಡುವೆ ಜೇನು. ಸೂರ್ಯಕಾಂತಿ ಮುಂತಾದ ಬೆಳೆಗಳಿರುವ ಬಯಲುಸೀಮೆಯಲ್ಲಿ ಹೊರಗಿನಿಂದ ತಂದ ಮೆಲ್ಲಿಫೆರಾ ಜೇನು ಬಳಕೆಯಲ್ಲಿದೆ. ವರೋವಾ ಎಂಬ ನುಸಿಯು ಮೂಲತಃ ತುಡುವೆ ಜೇನಿನೊಂದಿಗೆ ಬಾಳಿದ ಜೀವಿ. ತುಡುವೆ ಹುಳುಗಳು ಒಂದರ ಮೈಮೇಲಿನ ನುಸಿಯನ್ನು ಇನ್ನೊಂದು ಕಿತ್ತು ಹಾಕುವ ಗುಣವನ್ನು ಹೊಂದಿವೆ. ಆದ್ದರಿಂದ ತುಡುವೆ ಸಾಕುವವರಿಗೆ ನುಸಿಯ ಸಲುವಾಗಿ ಆಮ್ಲವನ್ನು ಕೂಡಿಡುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಮೆಲ್ಲಿಫೆರಾ ಜೇನಿಗೆ ಈ ರಕ್ಷಣೆ ಕಡಿಮೆ. ಅಲ್ಲಿ ಚಿಕಿತ್ಸೆ ಬೇಕಾಗುತ್ತದೆ.

ತುಡುವೆಯನ್ನು ಕಾಡಿದ ದೊಡ್ಡ ರೋಗವೆಂದರೆ ಥಾಯ್ ಸ್ಯಾಕ್‌ಬ್ರೂಡ್. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಭಾಗ ಇದರಿಂದ ನಾಶವಾಯಿತು. ಇದು ವೈರಾಣುವಿನಿಂದ ಬರುವ ರೋಗ. ಯಾವ ಆಮ್ಲವೂ, ಯಾವ ಪುಡಿಯೂ ಇದನ್ನು ಗುಣಪಡಿಸುವುದಿಲ್ಲ. ರೋಗದ ಭಯದಿಂದ ಕೊಂಡು ತಂದ ರಾಸಾಯನಿಕವು ಜೇನಿಗೂ ಉಪಯೋಗವಾಗದೆ ಮನೆಯಲ್ಲಿ ವಿಷವಾಗಿ ಉಳಿಯುತ್ತದೆ. ಮೇಣದ ಪತಂಗವೂ ಸಾಮಾನ್ಯವಾಗಿ ದುರ್ಬಲ ಕುಟುಂಬವನ್ನೇ ಹೊಗುತ್ತದೆ. ಹಳೆಯ ಕಪ್ಪು ಎರಿಗಳನ್ನು ಕಾಲಕಾಲಕ್ಕೆ ತೆಗೆದು ಕರಗಿಸುವುದು, ಅಡಿಹಲಗೆಯನ್ನು ಶುಚಿಯಾಗಿಡುವುದು, ಪೆಟ್ಟಿಗೆಯ ಬಿರುಕುಗಳನ್ನು ಮುಚ್ಚುವುದು ಅದಕ್ಕೆ ಮೊದಲ ಪರಿಹಾರ.

ಆದ್ದರಿಂದ ಖರೀದಿಯ ಪ್ರಸ್ತಾವನೆ ಸಭೆಗೆ ಬಂದಾಗ ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. ಯಾವ ಜೇನು, ಯಾವ ರೋಗ ಅಥವಾ ಕೀಟ, ಯಾರ ಶಿಫಾರಸು, ಎಷ್ಟು ಪೆಟ್ಟಿಗೆಗೆ ಎಷ್ಟು ಪ್ರಮಾಣ ಎಂಬುದನ್ನು ತೋಟಗಾರಿಕೆ ಇಲಾಖೆಯ ಸಹಾಯಕ ಅಧಿಕಾರಿಗಳಿಂದ ಬರಹದಲ್ಲಿ ಪಡೆಯತಕ್ಕದ್ದು. ಒಂದು ಹಂಗಾಮಿಗೆ ಬೇಕಾದುದಕ್ಕಿಂತ ಹೆಚ್ಚು ಕೊಳ್ಳದಿರುವುದು ಸುರಕ್ಷತೆಯ ಮೊದಲ ಹೆಜ್ಜೆ.

3. ವಸ್ತುಗಳ ಪರಿಚಯ

ಫಾರ್ಮಿಕ್ ಆಮ್ಲ: ಬಣ್ಣವಿಲ್ಲದ, ಮೂಗಿಗೆ ಚುಚ್ಚುವ ವಾಸನೆಯ ದ್ರವ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಶೇ. 85ರ ಸಾಂದ್ರತೆಯಲ್ಲಿ ದೊರೆಯುತ್ತದೆ. ನೋಡಲು ನೀರಿನಂತೆಯೇ ಇರುತ್ತದೆ. ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಇದರ ಆವಿ ಗಾಳಿಗಿಂತ ಭಾರವಾಗಿದ್ದು ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಕಬ್ಬಿಣವನ್ನು ತಿನ್ನುತ್ತದೆ. ಸಾಂದ್ರ ಆಮ್ಲವು ಕಾಲಕ್ರಮದಲ್ಲಿ, ಬಿಸಿಯಲ್ಲಿ ಇನ್ನೂ ಬೇಗ, ಸ್ವಲ್ಪಸ್ವಲ್ಪವಾಗಿ ವಿಘಟನೆಗೊಂಡು ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಬಿಡುತ್ತದೆ. ಇದರಿಂದ ಬಿಗಿಯಾಗಿ ಮುಚ್ಚಿದ ಬಾಟಲಿಯೊಳಗೆ ಒತ್ತಡ ಏರಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿ ಕಡೆಯ ಊರುಗಳಲ್ಲಿ ತಗಡಿನ ಮಾಡಿನ ಕೊಠಡಿಯು ಇದಕ್ಕೆ ತಕ್ಕ ಸ್ಥಳವಲ್ಲ.

ಆಕ್ಸಾಲಿಕ್ ಆಮ್ಲ: ಬಿಳಿಯ ಹರಳು. ಸಕ್ಕರೆ, ಉಪ್ಪು ಅಥವಾ ಬಟ್ಟೆ ಸೋಡಾದಂತೆ ಕಾಣುತ್ತದೆ. ನುಂಗಿದರೆ ದೇಹದ ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡಗಳಿಗೆ ತೀವ್ರ ಹಾನಿ ಮಾಡುತ್ತದೆ. ಜೇನುಪೆಟ್ಟಿಗೆಗೆ ಹನಿಸಲು ಇದನ್ನು ಸಕ್ಕರೆ ಪಾಕದಲ್ಲಿ ಕರಗಿಸುವ ಪದ್ಧತಿಯಿದೆ. ಈ ಪಾಕವೇ ಎಲ್ಲಕ್ಕಿಂತ ಅಪಾಯಕಾರಿ. ಏಕೆಂದರೆ ಅದು ಶರಬತ್ತಿನಂತೆ ಕಾಣುವ ವಿಷ. ಉಳಿದ ಪಾಕವನ್ನು ಮುಂದಿನ ಬಾರಿಗೆಂದು ಇಟ್ಟರೆ ಅದರಲ್ಲಿ ಜೇನುಹುಳುಗಳಿಗೇ ಹಾನಿಕರವಾದ ವಸ್ತು ಉಂಟಾಗುತ್ತದೆ. ಹೀಗಾಗಿ ಅದನ್ನು ಕೂಡಿಡುವುದರಿಂದ ಮನುಷ್ಯರಿಗೂ ಜೇನಿಗೂ ಕೇಡು. ಅಂದಂದಿಗೆ ಬೇಕಾದಷ್ಟನ್ನೇ ತಯಾರಿಸತಕ್ಕದ್ದು.

ಗಂಧಕ: ಹಳದಿ ಪುಡಿ. ನುಸಿಯ ನಿಯಂತ್ರಣಕ್ಕೆ ಚೌಕಟ್ಟುಗಳ ಮೇಲೆ ಉದುರಿಸಲು, ಖಾಲಿ ಎರಿಗಳಿಗೆ ಹೊಗೆ ಕೊಡಲು ಬಳಸುತ್ತಾರೆ. ಅರಿಶಿನ ಅಥವಾ ಕಡಲೆಹಿಟ್ಟಿನ ಡಬ್ಬಿಯ ಪಕ್ಕದಲ್ಲಿದ್ದರೆ ಗುರುತು ತಪ್ಪುವ ಸಂಭವವುಂಟು. ಗಾಳಿಯಲ್ಲಿ ಹಾರಿದ ಗಂಧಕದ ಧೂಳಿಗೆ ಕಿಡಿ ತಗಲಿದರೆ ಹೊತ್ತಿಕೊಳ್ಳುತ್ತದೆ. ಉರಿದಾಗ ಬರುವ ಸಲ್ಫರ್ ಡೈಆಕ್ಸೈಡ್ ಅನಿಲವು ಶ್ವಾಸನಾಳವನ್ನು ಕೆರಳಿಸುತ್ತದೆ. ಉಬ್ಬಸ ಇರುವವರಿಗೆ ಅದು ಪ್ರಾಣಾಪಾಯಕಾರಿ.

ಅಸಿಟಿಕ್ ಆಮ್ಲ: ಖಾಲಿ ಎರಿಗಳ ಶುದ್ಧೀಕರಣಕ್ಕೆ ಬಳಸುವ ಸಾಂದ್ರ ಆಮ್ಲ. ಇದು ಅಡುಗೆಯ ವಿನೆಗರ್ ಅಲ್ಲ. ಚರ್ಮವನ್ನು ಸುಡುತ್ತದೆ, ಬೆಂಕಿಗೂ ಹೊತ್ತಿಕೊಳ್ಳುತ್ತದೆ.

ನುಸಿ ಗುಳಿಗೆಗಳು: ಬಟ್ಟೆಯ ಪೆಟ್ಟಿಗೆಗೆ ಹಾಕುವ ನಾಫ್ತಲೀನ್ ಅಥವಾ ಪ್ಯಾರಾಡೈಕ್ಲೋರೋಬೆಂಜೀನ್ ಗುಳಿಗೆಗಳನ್ನು ಕೆಲವರು ಎರಿಗಳ ರಕ್ಷಣೆಗೆ ಇಡುತ್ತಾರೆ. ಇವುಗಳ ಆವಿಯನ್ನು ಮೇಣವು ಹೀರಿಕೊಳ್ಳುತ್ತದೆ. ಮೇಣದಿಂದ ಅದು ಜೇನುತುಪ್ಪಕ್ಕೆ ಸೇರುತ್ತದೆ. ಬಣ್ಣದ ಗುಳಿಗೆಗಳನ್ನು ಮಕ್ಕಳು ಮಿಠಾಯಿಯೆಂದು ಭಾವಿಸುವುದೂ ಉಂಟು.

ಧಾನ್ಯದ ಹುಳಕ್ಕೆ ಹಾಕುವ ಗುಳಿಗೆ: ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯು ತೇವ ತಗಲಿದೊಡನೆ ಫಾಸ್ಫೀನ್ ಎಂಬ ಮಾರಕ ಅನಿಲವನ್ನು ಬಿಡುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಸರ್ಕಾರಿ ಸಂಸ್ಥೆಗಳು ಮತ್ತು ಪರಿಣತರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಇದರ ಬಳಕೆ ಸೀಮಿತವಾಗಿದೆ. ಎರಿಗಳ ರಕ್ಷಣೆಗೆಂದು ಇದನ್ನು ಮನೆಯಲ್ಲಿ ಇಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

4. ತಪ್ಪು ಪಾತ್ರೆ

ಗ್ರಾಮೀಣ ಮನೆಗಳಲ್ಲಿ ಖಾಲಿ ನೀರಿನ ಬಾಟಲಿ, ತಂಪು ಪಾನೀಯದ ಬಾಟಲಿ, ಔಷಧದ ಶೀಶೆ ಯಾವುದೂ ವ್ಯರ್ಥವಾಗುವುದಿಲ್ಲ. ಸಂಘದವರು ಒಂದು ದೊಡ್ಡ ಬಾಟಲಿ ಆಮ್ಲವನ್ನು ತಂದು ನಾಲ್ಕು ಮನೆಗಳಿಗೆ ಹಂಚಿಕೊಳ್ಳುವಾಗ ಈ ಖಾಲಿ ಬಾಟಲಿಗಳೇ ಕೈಗೆ ಸಿಗುತ್ತವೆ. ಆ ಕ್ಷಣದಲ್ಲಿ ಲೇಬಲ್, ಎಚ್ಚರಿಕೆಯ ಚಿಹ್ನೆ, ತಯಾರಿಕೆಯ ದಿನಾಂಕ, ವೈದ್ಯರಿಗೆ ಬೇಕಾದ ಮಾಹಿತಿ ಎಲ್ಲವೂ ಕಳೆದುಹೋಗುತ್ತವೆ. ಬಿಸಿಲಿನಲ್ಲಿ ದಣಿದು ಬಂದ ವ್ಯಕ್ತಿ ಅಥವಾ ಶಾಲೆಯಿಂದ ಬಂದ ಮಗು ಬಾಟಲಿಯ ಆಕಾರವನ್ನು ನಂಬಿ ಅದನ್ನು ಬಾಯಿಗಿಡುತ್ತದೆ.

ಆದ್ದರಿಂದ ಯಾವುದೇ ರಾಸಾಯನಿಕವನ್ನು ಮೂಲ ಪಾತ್ರೆಯಿಂದ ಆಹಾರ ಅಥವಾ ಪಾನೀಯದ ಪಾತ್ರೆಗೆ ವರ್ಗಾಯಿಸಬಾರದು. ಜೇನುತುಪ್ಪ ತುಂಬುವ ಬಾಟಲಿಗಳಿಗಂತೂ ಎಂದಿಗೂ ಕೂಡದು. ಹಂಚಿಕೆ ಅನಿವಾರ್ಯವಾಗಿದ್ದರೆ ಮೊದಲೇ ಸಣ್ಣ ಪ್ರಮಾಣದ ಮೂಲ ಬಾಟಲಿಗಳನ್ನು ಖರೀದಿಸತಕ್ಕದ್ದು. ಬೆಲೆ ತುಸು ಹೆಚ್ಚಾದರೂ ಲೆಕ್ಕಪರಿಶೋಧನೆಯಲ್ಲಿ ಸಮರ್ಥಿಸಿಕೊಳ್ಳಬಹುದಾದ ವೆಚ್ಚವಿದು.

5. ತಪ್ಪು ನೆರೆ: ಪಂಚಾಯಿತಿಯ ಸ್ವಂತ ಕೊಠಡಿ

ಗ್ರಾಮ ಪಂಚಾಯಿತಿಯ ದಾಸ್ತಾನು ಕೊಠಡಿಯಲ್ಲಿ ಕುಡಿಯುವ ನೀರಿನ ಶುದ್ಧೀಕರಣಕ್ಕೆ ಬೇಕಾದ ಬ್ಲೀಚಿಂಗ್ ಪುಡಿಯ ಚೀಲಗಳು ಇರುತ್ತವೆ. ನೀರುಗಂಟಿಗಳು ದಿನವೂ ಅಲ್ಲಿಂದ ಪುಡಿಯನ್ನು ಕೊಂಡೊಯ್ಯುತ್ತಾರೆ. ಸಂಘಕ್ಕೆ ಬಂದ ಜೇನು ಸಾಕಣೆಯ ಸಾಮಗ್ರಿಯನ್ನು ವಿತರಣೆಯವರೆಗೆ ಇದೇ ಕೊಠಡಿಯಲ್ಲಿ ಇರಿಸುವುದು ಸಹಜವೆಂದು ತೋರಬಹುದು. ಆದರೆ ಈ ಪಾಠದಲ್ಲಿ ಹೇಳಿರುವ ಎಲ್ಲ ಅಪಾಯಗಳಲ್ಲಿ ಸದಸ್ಯರು ಮೊದಲು ನಿವಾರಿಸಬೇಕಾದದ್ದು ಇದೇ.

ಬ್ಲೀಚಿಂಗ್ ಪುಡಿಗೆ ಯಾವುದೇ ಆಮ್ಲ ತಗಲಿದರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಬಾಟಲಿಯೊಂದು ಉರುಳಿ ಆಮ್ಲವು ನೆಲದ ಮೇಲೆ ಹರಿದು ಚೀಲದ ಬುಡವನ್ನು ಮುಟ್ಟಿದರೆ ಸಾಕು. ಕ್ಲೋರಿನ್ ಗಾಳಿಗಿಂತ ಭಾರ. ಕಿಟಕಿ ಮುಚ್ಚಿದ ಕೊಠಡಿಯಲ್ಲಿ ಅದು ನೆಲದಿಂದ ಮೇಲಕ್ಕೆ ತುಂಬುತ್ತದೆ. ಮುಂಜಾನೆ ಬಾಗಿಲು ತೆರೆದು ಚೀಲಕ್ಕೆ ಬಗ್ಗುವ ನೀರುಗಂಟಿಯ ಶ್ವಾಸಕೋಶಕ್ಕೆ ಮೊದಲ ಪೆಟ್ಟು ಬೀಳುತ್ತದೆ. ಗಂಧಕವೂ ಬ್ಲೀಚಿಂಗ್ ಪುಡಿಯ ಪಕ್ಕದಲ್ಲಿ ಇರಬಾರದು. ಒಂದು ಉರಿಯುವ ವಸ್ತು, ಇನ್ನೊಂದು ಉರಿಯನ್ನು ಪ್ರಚೋದಿಸುವ ವಸ್ತು. ಅವು ಬೆರೆತರೆ ಬೆಂಕಿ ಹೊತ್ತಬಹುದು. ನೈಟ್ರೇಟ್ ಅಂಶವಿರುವ ರಸಗೊಬ್ಬರಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಜೇನುಪೆಟ್ಟಿಗೆ, ಚೌಕಟ್ಟು ಮತ್ತು ಮೇಣದ ಹಾಳೆಗಳೂ ರಾಸಾಯನಿಕಗಳ ನೆರೆಯಲ್ಲಿ ಇರಬಾರದು. ಕೀಟನಾಶಕದ ಆವಿಯನ್ನು ಮೇಣವು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅಂಥ ಮೇಣದ ಮೇಲೆ ಕಟ್ಟಿದ ಎರಿಯಲ್ಲಿ ಮರಿಗಳು ಸೊರಗುತ್ತವೆ, ತುಪ್ಪದಲ್ಲಿ ಶೇಷಾಂಶ ಉಳಿಯುತ್ತದೆ. ಶೇಷಾಂಶದ ಪ್ರಶ್ನೆ ಸಣ್ಣದಲ್ಲ. ಇದೇ ಬಗೆಯ ಕಾರಣದಿಂದ 2010ರಲ್ಲಿ ಐರೋಪ್ಯ ಒಕ್ಕೂಟವು ಭಾರತದ ಜೇನುತುಪ್ಪದ ಆಮದನ್ನು ಕೆಲಕಾಲ ನಿಲ್ಲಿಸಿತ್ತು. ಊರಿನ ಸಂಘವೊಂದರ ತುಪ್ಪ ಪರೀಕ್ಷೆಯಲ್ಲಿ ತಿರಸ್ಕೃತವಾದರೆ ಆ ವರ್ಷದ ದುಡಿಮೆ ಪೂರ್ತಿ ನಷ್ಟವಾಗುತ್ತದೆ.

6. ದಾಸ್ತಾನಿನ ಕ್ರಮ

(ಅ) ಸ್ಥಳ: ವಾಸದ ಮನೆ, ಅಡುಗೆಮನೆ, ಅಂಗನವಾಡಿ, ಶಾಲೆ, ನ್ಯಾಯಬೆಲೆ ಅಂಗಡಿ, ಕೊಳವೆಬಾವಿ ಮತ್ತು ನೀರಿನ ತೊಟ್ಟಿಯಿಂದ ದೂರವಿರುವ, ಒಣಗಿದ, ನೆರಳಿನ ಸ್ಥಳ. ಆವಿಯು ಕೆಳಗೆ ನಿಲ್ಲುವುದರಿಂದ ಗಾಳಿಕಿಂಡಿಯು ಗೋಡೆಯ ಮೇಲ್ಭಾಗದಲ್ಲಿ ಮಾತ್ರವಲ್ಲದೆ ನೆಲದ ಸಮೀಪವೂ ಇರತಕ್ಕದ್ದು. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ತೇವ ತಗಲದಂತೆ ನೆಲದಿಂದ ಎತ್ತರಿಸಿದ ಕಟ್ಟೆ ಇರಲಿ.

(ಆ) ಬೀಗ: ಪ್ರತ್ಯೇಕ ಕೊಠಡಿ ಇಲ್ಲದಿದ್ದರೆ ಬೀಗವಿರುವ ಪ್ರತ್ಯೇಕ ಬೀರು ಸಾಕು. ಆಮ್ಲದ ಆವಿಯು ಕಬ್ಬಿಣದ ಬೀರುವನ್ನು ತುಕ್ಕು ಹಿಡಿಸುವುದರಿಂದ ಆಮ್ಲಕ್ಕೆ ಮರದ ಅಥವಾ ಗಟ್ಟಿ ಪ್ಲಾಸ್ಟಿಕ್‌ನ ಪೆಟ್ಟಿಗೆ ಮೇಲು. ಬೀಗದ ಕೈ ಇಬ್ಬರ ಬಳಿ ಮಾತ್ರ ಇರಲಿ. ಇಬ್ಬರ ಹೆಸರೂ ವಹಿಯಲ್ಲಿ ದಾಖಲಾಗಲಿ.

(ಇ) ಜೋಡಣೆ: ದ್ರವಗಳು ಕೆಳಗೆ, ಪುಡಿಗಳು ಮೇಲೆ. ದ್ರವವು ಸೋರಿದರೆ ಪುಡಿಯ ಮೇಲೆ ಬೀಳಬಾರದು ಎಂಬುದು ಇದರ ಕಾರಣ. ಪ್ರತಿಯೊಂದು ಆಮ್ಲದ ಬಾಟಲಿಯನ್ನೂ ಅದರ ಪೂರ್ಣ ಪ್ರಮಾಣವನ್ನು ಹಿಡಿಯಬಲ್ಲ ಪ್ಲಾಸ್ಟಿಕ್ ತೊಟ್ಟಿಯಲ್ಲಿ ನಿಲ್ಲಿಸತಕ್ಕದ್ದು. ಎದೆಮಟ್ಟಕ್ಕಿಂತ ಮೇಲಿನ ಹಲಗೆಯಲ್ಲಿ ಆಮ್ಲವನ್ನು ಇಡಬಾರದು. ತೆಗೆಯುವಾಗ ಕೈ ಜಾರಿದರೆ ಮುಖದ ಮೇಲೆ ಬೀಳುತ್ತದೆ.

(ಈ) ಪ್ರತ್ಯೇಕತೆ: ಆಮ್ಲ ಒಂದು ಕಡೆ, ಗಂಧಕ ಇನ್ನೊಂದು ಕಡೆ, ಬ್ಲೀಚಿಂಗ್ ಪುಡಿ ಬೇರೆಯ ಕೊಠಡಿಯಲ್ಲೇ. ಹೊಗೆತಿದಿ, ಬೆಂಕಿಪೊಟ್ಟಣ, ಸೀಮೆಎಣ್ಣೆ, ತೆಂಗಿನ ನಾರು ಇವುಗಳ ಹತ್ತಿರ ಗಂಧಕವಾಗಲೀ ಅಸಿಟಿಕ್ ಆಮ್ಲವಾಗಲೀ ಇರಬಾರದು. ಜೇನಿಗೆ ಪಾಕ ಮಾಡಲು ತಂದ ಸಕ್ಕರೆಯನ್ನು ಈ ಕೊಠಡಿಯೊಳಕ್ಕೆ ತರಲೇಬಾರದು.

(ಉ) ಗುರುತು: ವಸ್ತುವಿನ ಹೆಸರು, ಸಾಂದ್ರತೆ, ಕೊಂಡ ದಿನಾಂಕ, ಅವಧಿ ಮುಗಿಯುವ ದಿನಾಂಕ ಮತ್ತು "ವಿಷ" ಎಂಬ ಪದ ಕನ್ನಡದಲ್ಲಿ ಸ್ಪಷ್ಟವಾಗಿರಲಿ. ಓದಲು ಬಾರದವರಿಗಾಗಿ ತಲೆಬುರುಡೆಯ ಚಿತ್ರವಿರಲಿ. ಬಾಗಿಲ ಹೊರಗೆ ಒಳಗಿರುವ ವಸ್ತುಗಳ ಪಟ್ಟಿ ಮತ್ತು 108, 112 ಸಂಖ್ಯೆಗಳನ್ನು ಬರೆಯಿಸತಕ್ಕದ್ದು. ಬೆಂಕಿ ಬಿದ್ದಾಗ ಒಳಗೆ ಏನಿದೆ ಎಂದು ಅಗ್ನಿಶಾಮಕ ಸಿಬ್ಬಂದಿಗೆ ಹೊರಗಿನಿಂದಲೇ ತಿಳಿಯಬೇಕು.

(ಊ) ವಹಿ: ಬಂದ ಪ್ರಮಾಣ, ಕೊಟ್ಟ ಪ್ರಮಾಣ, ಪಡೆದವರ ಸಹಿ, ಯಾವ ಪೆಟ್ಟಿಗೆಗಳಿಗೆ ಎಂಬ ವಿವರ, ಉಳಿಕೆ. ತಿಂಗಳಿಗೊಮ್ಮೆ ಉಳಿಕೆಯನ್ನು ಅಳೆದು ವಹಿಯೊಂದಿಗೆ ತಾಳೆ ನೋಡತಕ್ಕದ್ದು. ಲೆಕ್ಕಕ್ಕೆ ಸಿಗದ ಅರ್ಧ ಲೀಟರ್ ಆಮ್ಲ ಎಲ್ಲಿಗೆ ಹೋಯಿತೆಂದು ಅಂದೇ ವಿಚಾರಿಸಬೇಕು.

(ಋ) ರಕ್ಷಣೆ: ರಬ್ಬರ್ ಅಥವಾ ನೈಟ್ರೈಲ್ ಕೈಗವಸು, ಕಣ್ಣನ್ನು ಸುತ್ತಲೂ ಮುಚ್ಚುವ ಕನ್ನಡಕ, ಒಂದು ಬಕೆಟ್ ಶುದ್ಧ ನೀರು, ಅಡುಗೆ ಸೋಡಾ ಮತ್ತು ಒಣ ಮರಳು ಬಾಗಿಲ ಹೊರಗೆ ಸಿದ್ಧವಿರಲಿ. ಬಟ್ಟೆಯ ಮುಖಗವಸು ಆಮ್ಲದ ಆವಿಯನ್ನು ತಡೆಯುವುದಿಲ್ಲ. ಜೇನು ಸಾಕುವವರ ಮುಖಪರದೆಯು ಹುಳುಗಳಿಂದ ಕಣ್ಣನ್ನು ಕಾಯುತ್ತದೆ, ಆಮ್ಲದ ಹನಿಯಿಂದಲ್ಲ. ಆಮ್ಲವನ್ನು ತೆಳುಗೊಳಿಸುವಾಗ ನೀರಿಗೆ ಆಮ್ಲವನ್ನು ಹಾಕಬೇಕೇ ಹೊರತು ಆಮ್ಲಕ್ಕೆ ನೀರನ್ನು ಹಾಕಬಾರದು.

7. ಕಾನೂನಿನ ನೆಲೆ

ಕೀಟನಾಶಕಗಳ ಅಧಿನಿಯಮ 1968 ಮತ್ತು ಅದರಡಿಯ 1971ರ ನಿಯಮಗಳ ಪ್ರಕಾರ ಕೀಟನಾಶಕದ ಪೊಟ್ಟಣಗಳನ್ನು ಇತರ ವಸ್ತುಗಳಿಂದ ದೂರವಾದ ಪ್ರತ್ಯೇಕ ಕೊಠಡಿಯಲ್ಲಿ ಅಥವಾ ಬೀಗ ಹಾಕಿದ ಪ್ರತ್ಯೇಕ ಬೀರುವಿನಲ್ಲಿ ಇರಿಸತಕ್ಕದ್ದು; ಕೊಠಡಿಯು ಒಣಗಿರಬೇಕು, ಬೆಳಕು ಮತ್ತು ಗಾಳಿ ಆಡುವಂತಿರಬೇಕು. ಲೇಬಲ್‌ನ ಮೇಲಿನ ತ್ರಿಕೋನದ ಬಣ್ಣವು ವಿಷದ ಮಟ್ಟವನ್ನು ತಿಳಿಸುತ್ತದೆ: ಕೆಂಪು ಅತ್ಯಂತ ವಿಷಕಾರಿ, ಹಳದಿ ಅಧಿಕ ವಿಷಕಾರಿ, ನೀಲಿ ಮಧ್ಯಮ, ಹಸಿರು ಅಲ್ಪ. ಹಸಿರು ಎಂದರೆ ನಿರಪಾಯಕಾರಿ ಎಂದು ಅರ್ಥವಲ್ಲ.

ಆಮ್ಲಗಳ ವಿಷಯದಲ್ಲಿ 2013ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ಲಕ್ಷ್ಮಿ ವಿರುದ್ಧ ಭಾರತ ಒಕ್ಕೂಟ ಪ್ರಕರಣದಲ್ಲಿ ನೀಡಿದ ನಿರ್ದೇಶನಗಳು ಮುಖ್ಯವಾಗಿವೆ. ಮಾರಾಟಗಾರನು ಕೊಳ್ಳುವವರ ವಿವರ ಮತ್ತು ಪ್ರಮಾಣವನ್ನು ವಹಿಯಲ್ಲಿ ದಾಖಲಿಸಬೇಕು, ಗುರುತಿನ ಚೀಟಿಯನ್ನು ನೋಡಬೇಕು, ಕೊಳ್ಳುವ ಉದ್ದೇಶವನ್ನು ಕೇಳಬೇಕು, 18 ವರ್ಷದೊಳಗಿನವರಿಗೆ ಮಾರಬಾರದು. ಆಮ್ಲವನ್ನು ಇಟ್ಟುಕೊಳ್ಳಬೇಕಾದ ಶಿಕ್ಷಣ ಸಂಸ್ಥೆ, ಪ್ರಯೋಗಾಲಯ, ಆಸ್ಪತ್ರೆ ಮತ್ತು ಸರ್ಕಾರಿ ಇಲಾಖೆಗಳು ಬಳಕೆಯ ವಹಿಯನ್ನು ನಿರ್ವಹಿಸಿ, ಅದಕ್ಕೆ ಒಬ್ಬ ಹೊಣೆಗಾರರನ್ನು ನೇಮಿಸಬೇಕು. ಊರಿನಲ್ಲಿ ಲೆಕ್ಕವಿಲ್ಲದೆ ಉಳಿದ ಆಮ್ಲವು ಜಗಳ, ದ್ವೇಷಗಳ ಗಳಿಗೆಯಲ್ಲಿ ಯಾರ ಕೈಗೆ ಸಿಗುವುದೋ ಹೇಳಲಾಗದು. ಬೀಗ ಮತ್ತು ವಹಿಯ ಅಗತ್ಯವನ್ನು ಈ ದೃಷ್ಟಿಯಿಂದಲೂ ಕಾಣಬೇಕು.

8. ಅವಘಡ ಸಂಭವಿಸಿದಾಗ

ಚರ್ಮಕ್ಕೆ ಆಮ್ಲ ತಗಲಿದರೆ ಬಟ್ಟೆಯನ್ನು ಕೂಡಲೇ ಕಳಚಿ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬಿಡಿಸಿ ಹಿಡಿದು ಅಷ್ಟೇ ಹೊತ್ತು ತೊಳೆದು ಆಸ್ಪತ್ರೆಗೆ ಒಯ್ಯಬೇಕು. ಗಾಯಕ್ಕೆ ಸುಣ್ಣ, ಅರಿಶಿನ, ಎಣ್ಣೆ ಹಚ್ಚಬಾರದು. ನುಂಗಿದ್ದರೆ ವಾಂತಿ ಮಾಡಿಸಬಾರದು; ಉಪ್ಪುನೀರು, ಹುಣಸೆ ನೀರು ಕುಡಿಸಬಾರದು. ಸುಟ್ಟ ಗಂಟಲನ್ನು ಆಮ್ಲವು ವಾಂತಿಯೊಡನೆ ಮತ್ತೊಮ್ಮೆ ಸುಡುತ್ತದೆ. 108ಕ್ಕೆ ಕರೆ ಮಾಡಿ, ಬಾಟಲಿ ಅಥವಾ ಲೇಬಲ್ ಅನ್ನು ರೋಗಿಯ ಜೊತೆಯಲ್ಲೇ ಕಳುಹಿಸತಕ್ಕದ್ದು. ಯಾವ ವಿಷವೆಂದು ತಿಳಿದರೆ ವೈದ್ಯರ ಅಮೂಲ್ಯ ಸಮಯ ಉಳಿಯುತ್ತದೆ.

ಆವಿಯನ್ನು ಉಸಿರಾಡಿದವರನ್ನು ತೆರೆದ ಗಾಳಿಗೆ ಕರೆತರಬೇಕು. ಕೊಠಡಿಯೊಳಗೆ ಬಿದ್ದವರನ್ನು ಎತ್ತಲು ರಕ್ಷಣೆಯಿಲ್ಲದೆ ಒಬ್ಬರ ಹಿಂದೆ ಒಬ್ಬರು ನುಗ್ಗಬಾರದು. 112ಕ್ಕೆ ತಿಳಿಸಿ, ಸಾಧ್ಯವಾದರೆ ಬಾಗಿಲು ಕಿಟಕಿಗಳನ್ನು ಹೊರಗಿನಿಂದ ತೆರೆಯಬೇಕು. ಅಲ್ಪ ಪ್ರಮಾಣದ ಆಮ್ಲ ನೆಲಕ್ಕೆ ಚೆಲ್ಲಿದ್ದರೆ ಕೈಗವಸು ಮತ್ತು ಕನ್ನಡಕ ಧರಿಸಿ, ಒಣ ಮರಳಿನಿಂದ ಸುತ್ತಲೂ ಕಟ್ಟಿ, ಅಡುಗೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಉದುರಿಸಬೇಕು. ನೊರೆ ನಿಂತ ನಂತರ ಹೆಚ್ಚು ನೀರಿನಿಂದ ತೊಳೆಯಬಹುದು. ಮರದ ಹೊಟ್ಟನ್ನು ಬಳಸಬಾರದು. ಬ್ಲೀಚಿಂಗ್ ಪುಡಿಯನ್ನಂತೂ ಯಾವ ಕಾರಣಕ್ಕೂ ಉದುರಿಸಬಾರದು. ಚರಂಡಿ ಶುಚಿಗೊಳಿಸುವ ಅಭ್ಯಾಸಬಲದಿಂದ ಸಿಬ್ಬಂದಿ ಈ ತಪ್ಪನ್ನು ಮಾಡುವ ಸಂಭವವಿರುವುದರಿಂದ ಅವರಿಗೆ ಮೊದಲೇ ತಿಳಿವಳಿಕೆ ನೀಡತಕ್ಕದ್ದು.

9. ಖಾಲಿ ಪಾತ್ರೆ ಮತ್ತು ಅವಧಿ ಮೀರಿದ ವಸ್ತು

ಖಾಲಿ ಬಾಟಲಿಯನ್ನು ಮೂರು ಬಾರಿ ತೊಳೆದು, ಮತ್ತೆ ಬಳಸಲಾಗದಂತೆ ತೂತು ಮಾಡಿ, ಲೇಬಲ್ ಸಹಿತ ಪ್ರತ್ಯೇಕ ಚೀಲದಲ್ಲಿ ಇಡಬೇಕು. ತೊಳೆದ ನೀರನ್ನು ಕೆರೆ, ಹಳ್ಳ, ಬಾವಿಯ ಬಳಿ ಚೆಲ್ಲಬಾರದು. ಸ್ವಚ್ಛವಾಹಿನಿಯ ಹಸಿ ಕಸ, ಒಣ ಕಸದೊಂದಿಗೆ ಇದನ್ನು ಬೆರೆಸದೆ, ಘನತ್ಯಾಜ್ಯ ನಿರ್ವಹಣಾ ಘಟಕದಲ್ಲಿ ಅಪಾಯಕಾರಿ ತ್ಯಾಜ್ಯವೆಂದು ಬೇರೆಯಾಗಿ ಇರಿಸಿ, ಮುಂದಿನ ವಿಲೇವಾರಿಗೆ ತಾಲ್ಲೂಕು ಪಂಚಾಯಿತಿಯ ಮಾರ್ಗದರ್ಶನವನ್ನು ಪಡೆಯತಕ್ಕದ್ದು. ಕೀಟನಾಶಕದ ಡಬ್ಬಿಗಳನ್ನಾಗಲೀ ಪಟ್ಟಿಗಳನ್ನಾಗಲೀ ಸುಡಬಾರದು. ತೆರೆಯದೆ ಉಳಿದ ದಾಸ್ತಾನನ್ನು ಸರಬರಾಜುದಾರರು ಹಿಂಪಡೆಯಬೇಕೆಂಬ ಷರತ್ತನ್ನು ಖರೀದಿ ಆದೇಶದಲ್ಲೇ ಸೇರಿಸುವುದು ಉಚಿತ.

10. ಅಧ್ಯಯನಕ್ಕಾಗಿ ಒಂದು ಸನ್ನಿವೇಶ

ಒಂದು ಪಂಚಾಯಿತಿ ವ್ಯಾಪ್ತಿಯ ಮಹಿಳಾ ಸಂಘಕ್ಕೆ 40 ಮೆಲ್ಲಿಫೆರಾ ಪೆಟ್ಟಿಗೆಗಳು ಮಂಜೂರಾಗಿವೆ ಎಂದು ಭಾವಿಸಬಹುದು. ಪೆಟ್ಟಿಗೆಗಳೊಂದಿಗೆ ಫಾರ್ಮಿಕ್ ಆಮ್ಲದ 10 ಬಾಟಲಿಗಳು, 2 ಕಿಲೋ ಆಕ್ಸಾಲಿಕ್ ಆಮ್ಲ, 5 ಕಿಲೋ ಗಂಧಕ ಬಂದಿವೆ. ಸಂಘಕ್ಕೆ ಸ್ವಂತ ಕಟ್ಟಡವಿಲ್ಲದ ಕಾರಣ ಎಲ್ಲವನ್ನೂ ಪಂಚಾಯಿತಿ ಕೊಠಡಿಯಲ್ಲಿ, ಬ್ಲೀಚಿಂಗ್ ಪುಡಿಯ ಚೀಲಗಳ ಮೇಲೆ ಇಡಲಾಗಿದೆ. ಬೀಗದ ಕೈ ನೀರುಗಂಟಿಯ ಬಳಿ ಇದೆ. ಸಂಘದ ಸದಸ್ಯೆಯೊಬ್ಬರು ಆಕ್ಸಾಲಿಕ್ ಪಾಕವನ್ನು ತಯಾರಿಸಿ, ಉಳಿದುದನ್ನು ನೀರಿನ ಬಾಟಲಿಯಲ್ಲಿ ತುಂಬಿ ಮನೆಯ ಕಿಟಕಿಯಲ್ಲಿ ಇಟ್ಟಿದ್ದಾರೆ.

ಇಲ್ಲಿ ಯಾರಲ್ಲೂ ದುರುದ್ದೇಶವಿಲ್ಲ. ಸಾಮಗ್ರಿ ಕಳುಹಿಸಿದವರು ದಾಸ್ತಾನಿನ ಸ್ಥಳವನ್ನು ವಿಚಾರಿಸಲಿಲ್ಲ. ಪಂಚಾಯಿತಿ ಸಹಾಯಮಾಡುವ ಭಾವದಿಂದ ಜಾಗ ಕೊಟ್ಟಿತು. ಸದಸ್ಯೆಯು ವಸ್ತು ವ್ಯರ್ಥವಾಗದಿರಲೆಂದು ಉಳಿಸಿದರು. ಆದರೂ ಒಂದು ಬಾಟಲಿ ಉರುಳಿದರೆ ನೀರುಗಂಟಿಗೆ, ಬಾಯಾರಿದ ಮಗುವಿನ ಕೈ ಕಿಟಕಿಗೆ ತಲುಪಿದರೆ ಆ ಮನೆಗೆ ಆಪತ್ತು. ಸರಿಪಡಿಸುವ ಕ್ರಮ ಹೀಗಿರಬಹುದು: ಆಮ್ಲವನ್ನು ಅಂದೇ ಕೊಠಡಿಯಿಂದ ಹೊರತೆಗೆದು ಪ್ರತ್ಯೇಕ ಬೀರುವಿಗೆ ಸಾಗಿಸುವುದು, ನಿಂತ ಪಾಕವನ್ನು ಯಾರೂ ಬಳಸದಂತೆ ಹಿಂಪಡೆಯುವುದು, ಒಂದು ಹಂಗಾಮಿನ ಅಗತ್ಯವನ್ನು ಇಲಾಖೆಯಿಂದ ತಿಳಿದು ಹೆಚ್ಚುವರಿ ಬಾಟಲಿಗಳನ್ನು ಹಿಂದಿರುಗಿಸುವುದು, ಸಂಘದಿಂದ ಇಬ್ಬರನ್ನು ಹೊಣೆಗಾರರನ್ನಾಗಿ ಹೆಸರಿಸುವುದು.

11. ಮಾದರಿ ನಿರ್ಣಯ

"ಪಂಚಾಯಿತಿ ವ್ಯಾಪ್ತಿಯಲ್ಲಿ ಜೇನು ಸಾಕಣೆಗೆ ಬಳಸುವ ರಾಸಾಯನಿಕಗಳ ದಾಸ್ತಾನಿನ ಬಗ್ಗೆ ಸಭೆಯಲ್ಲಿ ಚರ್ಚಿಸಿ ಈ ಕೆಳಕಂಡಂತೆ ತೀರ್ಮಾನಿಸಲಾಯಿತು: (1) ಬ್ಲೀಚಿಂಗ್ ಪುಡಿ ಇರುವ ಕೊಠಡಿಯಲ್ಲಿ ಯಾವುದೇ ಆಮ್ಲ, ಗಂಧಕ ಅಥವಾ ಕೀಟನಾಶಕವನ್ನು ಇಡತಕ್ಕದ್ದಲ್ಲ. (2) ಸಂಘಗಳ ಬಳಕೆಗಾಗಿ ಬೀಗವಿರುವ ಒಂದು ಪ್ರತ್ಯೇಕ ಬೀರುವನ್ನು ಒದಗಿಸುವುದು. (3) ದಾಸ್ತಾನು ವಹಿಯನ್ನು ಸಂಘದ ಹೊಣೆಗಾರರು ನಿರ್ವಹಿಸುವುದು; ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಮತ್ತು ಸಂಬಂಧಪಟ್ಟ ಸ್ಥಾಯಿ ಸಮಿತಿಯ ಒಬ್ಬ ಸದಸ್ಯರು ತಿಂಗಳಿಗೊಮ್ಮೆ ತಪಾಸಣೆ ಮಾಡುವುದು. (4) ನೀರುಗಂಟಿಗಳು, ಸ್ವಚ್ಛತಾ ಸಿಬ್ಬಂದಿ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಹಯೋಗದಲ್ಲಿ ವರ್ಷಕ್ಕೊಮ್ಮೆ ತಿಳಿವಳಿಕೆ ನೀಡುವುದು. (5) ಮುಂದಿನ ವಾರ್ಡ್ ಸಭೆಗಳಲ್ಲಿ ಈ ವಿಷಯವನ್ನು ಓದಿ ಹೇಳುವುದು."

12. ಚರ್ಚೆಗೆ ಪ್ರಶ್ನೆಗಳು

(1) ತಮ್ಮ ವಾರ್ಡಿನಲ್ಲಿ ಎಷ್ಟು ಮನೆಗಳಲ್ಲಿ ಪೆಟ್ಟಿಗೆ ಜೇನು ಇದೆ? ಅವುಗಳಲ್ಲಿ ತುಡುವೆ ಎಷ್ಟು, ಮೆಲ್ಲಿಫೆರಾ ಎಷ್ಟು?
(2) ತುಡುವೆ ಸಾಕುವವರ ಮನೆಯಲ್ಲಿ ಆಮ್ಲ ಇದ್ದರೆ ಅದು ಯಾವ ಶಿಫಾರಸಿನ ಮೇಲೆ ಬಂದಿದೆ?
(3) ಪಂಚಾಯಿತಿಯ ದಾಸ್ತಾನು ಕೊಠಡಿಯಲ್ಲಿ ಬ್ಲೀಚಿಂಗ್ ಪುಡಿಯ ಪಕ್ಕದಲ್ಲಿ ಇಂದು ಏನಿದೆ? ಶೌಚಾಲಯ ತೊಳೆಯುವ ಆಮ್ಲವೂ ಅಲ್ಲೇ ಇದೆಯೇ?
(4) ಆಕ್ಸಾಲಿಕ್ ಆಮ್ಲದ ಪಾಕವನ್ನು ಉಳಿಸಿಡಬಾರದು ಎಂಬುದಕ್ಕೆ ಇರುವ ಎರಡು ಕಾರಣಗಳಾವುವು?
(5) ಹತ್ತಿರದ ಆಸ್ಪತ್ರೆಗೆ ರಾತ್ರಿ ವೇಳೆ ತಲುಪಲು ಎಷ್ಟು ಸಮಯ ಬೇಕು? ಆ ಮಾಹಿತಿ ಜೇನು ಸಾಕುವ ಕುಟುಂಬಗಳಿಗೆ ತಿಳಿದಿದೆಯೇ?

ಸದಸ್ಯರು ಮೂರನೆಯ ಪ್ರಶ್ನೆಗೆ ಉತ್ತರವನ್ನು ನೆನಪಿನಿಂದ ನೀಡದೆ, ಕೊಠಡಿಯ ಬಾಗಿಲು ತೆರೆಸಿ, ಒಳಗಿರುವ ವಸ್ತುಗಳನ್ನು ಸ್ವತಃ ನೋಡಿ, ಪಟ್ಟಿ ಮಾಡಿ ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸತಕ್ಕದ್ದು.